ಎಲ್ಲಾ ದೀಪ ಹತ್ಯಾವ್ರೀ ಬಾಯಾರ

ಕಳೆದ ಗುರುವಾರ ಸಂಜೆ, ಅಕ್ಕಲಕೋಟದ ಒಂದು ಚಾದರ ಕಾರ್ಖಾನೆಯ ಆಫೀಸಿನಲ್ಲಿ, ಅರವತ್ತೆಂಟು ವರ್ಷದ ಹೆಂಗಸೊಬ್ಬಳು ನೆಲಕ್ಕೆ ಮೊಣಕಾಲೂರಿ ಕೂತು, ಕಿವಿಗೆ ಫೋನ್ ಒತ್ತಿಕೊಂಡು, "ಟೀ ಡೀ, ಆರ್ ಡೀ, ಸೀ ಡೀ" ಎಂದು ಗಟ್ಟಿಯಾಗಿ ಓದುತ್ತಿದ್ದಳು.

ಆ ಹೆಂಗಸು ನಾನೇ. ನಮ್ಮ ಕಾನ್ವೆಂಟಿನ ಮದರ್ ನೋಡಿದ್ದರೆ ಏನನ್ನುತ್ತಿದ್ದರೋ! ಅಷ್ಟು ವರ್ಷ ಎಲೊಕ್ಯೂಶನ್ ಕಲಿಸಿದ್ದು ಇದಕ್ಕೇನಾ?

(ಗಾಬರಿಯಾಗಬೇಡಿ. ಈ ವಯಸ್ಸಿನಲ್ಲಿ ನನಗೆ ಯಾರೂ ನೌಕರಿ ಕೊಟ್ಟಿಲ್ಲ. ಒಂದು ಸಂಜೆಯ ಮಟ್ಟಿಗೆ ಮಾತ್ರ ಟೆಕ್ನಿಕಲ್ ಸ್ಟಾಫ್ ಆಗಿದ್ದೆ.)

ಇದಕ್ಕೆಲ್ಲ ಕಾರಣ ನನ್ನ ತಂಗಿಯ ಮಗಳು ಶೈಲಾ. ಸೋಲಾಪುರದ ವಿಜಾಪುರ ರಸ್ತೆಯಲ್ಲಿರುವ ಒಂದು ಚಾದರ-ಟವೆಲ್ ಕಂಪನಿಯ ಆಫೀಸಿನಲ್ಲಿ ಕೆಲಸ. ಟೈಪಿಸ್ಟ್ ಅಂತ ಸೇರಿದವಳು. ಕಂಪ್ಯೂಟರ್ ಬಂದಾಗ ಉಳಿದವರೆಲ್ಲ ದೂರ ಸರಿದರು, ಇವಳು ಹತ್ತಿರ ಹೋದಳು. ಸಂಜೆ ಕ್ಲಾಸು, ಭಾನುವಾರ ಕ್ಲಾಸು, ದಪ್ಪ ದಪ್ಪ ಮ್ಯಾನ್ಯುಅಲ್. ಈಗ ಸಿಸ್ಟಮ್ಸ್ ಇನ್‌ಚಾರ್ಜ್. ಕಂಪನಿಯಲ್ಲಿ ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು. ಹೆಂಗಸೇನು, ಮೊದಲ ವ್ಯಕ್ತಿಯೇ ಇವಳು!

ಕಂಪನಿಯ ಮಗ್ಗಗಳು ಇರುವುದು ಅಕ್ಕಲಕೋಟದಲ್ಲಿ. ದಿನ ಎಷ್ಟು ಚಾದರ ಇಳಿದವು, ಯಾವ ಬಣ್ಣ, ಯಾವ ಅಂಚು ಎಂಬ ಯಾದಿ ಸಂಜೆಗೆ ಸೋಲಾಪುರಕ್ಕೆ ಬರಬೇಕು. ಇಷ್ಟು ದಿನ ಅದು ಫ್ಲಾಪಿಯಲ್ಲಿ, ಎಸ್‌ಟಿ ಬಸ್ಸಿನ ಕಂಡಕ್ಟರನ ಜೇಬಿನಲ್ಲಿ ಬರುತ್ತಿತ್ತು. ಒಮ್ಮೆ ಕಂಡಕ್ಟರ್ ಅದರಿಂದ ಗಾಳಿ ಬೀಸಿಕೊಂಡನಂತೆ. ಇನ್ನೊಮ್ಮೆ ಫ್ಲಾಪಿ ನೇರ ಪುಣೆಗೆ ಹೋಗಿ ಬಂತಂತೆ.

ಶೈಲಾ ವರ್ಷವಿಡೀ ಮಾಲಕರ ಬೆನ್ನು ಬಿದ್ದು ಒಂದು ಲೀಸ್ಡ್ ಲೈನ್, ಅಂದರೆ ಕಂಪನಿಗೇ ಮೀಸಲಾದ ಬಾಡಿಗೆ ತಂತಿ, ಹಾಕಿಸಿದಳು. ಅಕ್ಕಲಕೋಟದಲ್ಲಿ ಒಂದು ರೌಟರ್, ಸೋಲಾಪುರದಲ್ಲಿ ಒಂದು ರೌಟರ್. ಪ್ರತಿಯೊಂದರ ಬೆನ್ನಿನ ಸೀರಿಯಲ್ ಪೋರ್ಟಿನಿಂದ ದಪ್ಪನೆಯ ಕೇಬಲ್ ಹೊರಟು ಮೋಡೆಮ್ ಎಂಬ ಡಬ್ಬಿಗೆ ಸೇರುತ್ತದೆ. ಎರಡು ಮೋಡೆಮ್‌ಗಳ ನಡುವೆ ಟೆಲಿಫೋನಿನ ತಂತಿ. ಇಷ್ಟೇ. ಯಾದಿ ಬಸ್ಸು ಹತ್ತುವ ಬದಲು ತಂತಿ ಹತ್ತುತ್ತದೆ.

ಹತ್ತಬೇಕಿತ್ತು.

ಮೊದಲ ದಿನ ಹಗಲೆಲ್ಲ ಎಲ್ಲವೂ ಬೆಣ್ಣೆಯ ಹಾಗೆ ನಡೆಯಿತು. ಸಂಜೆ ಮಾಲಕರು ಖುದ್ದಾಗಿ ಬಂದು ಪರದೆಯ ಮುಂದೆ ನಿಂತರು. ಆಗಲೇ ಲೈನ್ ಕೈಕೊಟ್ಟಿತು. ಮರುದಿನ ಬೆಳಿಗ್ಗೆ ನೋಡಿದರೆ ಏನೂ ಆಗಿಲ್ಲವೆಂಬಂತೆ ಸರಿ! ಸಂಜೆ ಮತ್ತೆ ಅದೇ ಕತೆ. ಟೆಲಿಫೋನಿನವರು ಮಧ್ಯಾಹ್ನ ಬಂದು ನೋಡಿ, "ಲೈನ್ ಬೆಸ್ಟ್ ಅದ ಮ್ಯಾಡಮ್" ಎಂದು ಚಹಾ ಕುಡಿದು ಹೋದರು. ಮಧ್ಯಾಹ್ನ ಬೆಸ್ಟೇ ಇತ್ತಲ್ಲ, ಪಾಪ.

ನಾಲ್ಕು ಸಂಜೆ ಹೀಗೇ ಆಯಿತು. ಬುಧವಾರ ಮಾಲಕರು ಹೇಳಿಬಿಟ್ಟರು: "ಶೈಲಾತಾಯಿ, ನಾಳಿ ಒಂದಿನ ನೋಡ್ತೀನಿ. ಯಾದಿ ಬರಲಿಲ್ಲಂದ್ರ ಶುಕ್ರವಾರದಿಂದ ಫ್ಲಾಪಿ ಬಸ್ಸಿನ್ಯಾಗ ಬರ್ಲಿ. ಡಬ್ಬಿ ವಾಪಸ್ ಕಳಸೂಣು. ನೀವೂ ನಿಮ್ಮ ಮೊದಲಿನ ಟೇಬಲ್ಲಿಗೆ ಹೋಗ್ರಿ."

ಮೊದಲಿನ ಟೇಬಲ್ ಅಂದರೆ ಟೈಪ್‌ರೈಟರ್.

ಬುಧವಾರ ರಾತ್ರಿ ಊಟಕ್ಕೆ ನಮ್ಮ ಮನೆಗೆ ಬಂದವಳು ರೊಟ್ಟಿ ಮುರಿಯದೆ ಕೂತಿದ್ದಳು. ಶೇಂಗಾ ಹಿಂಡಿ ಹಾಕಿದೆ, ಮೊಸರು ಹಾಕಿದೆ. ಊಹೂಂ.

"ಏನಾಗ್ಯದ ಅಂತ ನಂಗೂ ತಿಳಿಯೂಹಂಗ ಹೇಳವ್ವಾ" ಎಂದೆ.

"ಮಾವಶಿ, ನೀ ಸಣ್ಣಾಕಿದ್ದಾಗ ಆಯಿ ಕತಿ ಹೇಳೂಮುಂದ ಹೂಂ ಅಂತಿದ್ದಿಲ್ಲೇನ?"

ಅಂತಿದ್ದೆ. ಹೂಂ ಅನ್ನದಿದ್ದರೆ ನಮ್ಮ ಅಜ್ಜಿ ಕತೆ ನಿಲ್ಲಿಸಿಬಿಡುತ್ತಿದ್ದಳು.

"ಇವೂ ಹಂಗ. ಹತ್ತು ಸೆಕೆಂಡಿಗೊಮ್ಮೆ ಇದು ಅದಕ್ಕ 'ನಾ ಅದೀನಿ' ಅಂತದ, ಅದು ಇದಕ್ಕ 'ನಾನೂ ಅದೀನಿ' ಅಂತದ. ನಾಕೈದ ಸಲ ಆ ಕಡಿಂದ ಹೂಂ ಬರಲಿಲ್ಲಂದ್ರ, ತಂತಿ ಸರಿ ಇದ್ರೂ, ಪರದೆ ಮ್ಯಾಲ 'ಲೈನ್ ಪ್ರೋಟೊಕಾಲ್ ಡೌನ್' ಅಂತ ಬರ್ತದ."

ಕೈ ಮೊಸರಿನ ಪಾತ್ರೆಯಲ್ಲೇ ನಿಂತಿತು. ಅಯ್ಯೋ, ಇದು ನನ್ನ ಮನೆಯ ಕತೆಯಲ್ಲವೇ? ನನ್ನ ಯಜಮಾನರು ಪೇಪರ್ ಹಿಡಿದು ಕೂತರೆ ಅದೇ ಸ್ಥಿತಿ. ಮನುಷ್ಯ ಎದುರಿಗಿದ್ದಾರೆ, ಕುರ್ಚಿಯಲ್ಲಿದ್ದಾರೆ, ಚಹಾ ಕುಡಿಯುತ್ತಿದ್ದಾರೆ. ಲೈನ್ ಅಪ್, ಪ್ರೋಟೊಕಾಲ್ ಡೌನ್! ಅದಕ್ಕೆ ಎಷ್ಟು ಜಗಳ ಆಡಿದ್ದೇನೆ. ಈಗ ಆ ಕುರ್ಚಿ ಖಾಲಿ ಇದೆ, ಪೇಪರ್ ನಾನೇ ಓದುತ್ತೇನೆ, ನನಗೆ ನಾನೇ ಹೂಂ ಅನ್ನುತ್ತೇನೆ.

"ನಂದು ಇನ್ನೂ ವಿಚಿತ್ರ ಅದ ಮಾವಶಿ. ಹೂಂ ಬರ್ತದ. ಆದ್ರ ಅದು ಅಕ್ಕಲಕೋಟದ್ದಲ್ಲ. ನಂದ ನಂಗ ವಾಪಸ್ ಬರಾಕತ್ತದ. ಗೋಲಗುಮ್ಮಟದಾಗ ಕೂಗ್ದಂಗ. ಅದಕ್ಕ ಪರದೆ ಮ್ಯಾಲ 'ಲೂಪ್ಡ್' ಅಂತ ಬರ್ತದ."

ಮೋಡೆಮ್‌ನಲ್ಲಿ ಪರೀಕ್ಷೆಗೆಂದು ಒಂದು ಗುಂಡಿ ಇರುತ್ತದಂತೆ. ಒತ್ತಿದರೆ ಬಂದ ಮಾತನ್ನು ಒಳಗೆ ಬಿಡದೆ, ಬಂದ ದಾರಿಯಲ್ಲೇ ತಿರುಗಿಸಿ ಕಳಿಸುತ್ತದಂತೆ. ದೋಷ ಎಲ್ಲಿದೆ ಎಂದು ಹುಡುಕುವ ದಾರಿಯೂ ಅದೇ. ಮೊದಲು ತನ್ನ ಮೋಡೆಮ್‌ನಲ್ಲೇ ಮಾತು ತಿರುಗಿಸಿ ನೋಡಬೇಕು. ತನ್ನ ದನಿ ಸ್ವಚ್ಛವಾಗಿ ಬಂದರೆ ತನ್ನ ರೌಟರೂ ಸರಿ, ಕೇಬಲ್ಲೂ ಸರಿ. ಆಮೇಲೆ ಒಂದು ಹೆಜ್ಜೆ ಮುಂದೆ, ಇನ್ನೊಂದು ಹೆಜ್ಜೆ ಮುಂದೆ. ಕತ್ತಲಲ್ಲಿ ಗೋಡೆ ಹಿಡಿದು ಹೋದ ಹಾಗೆ. ಶೈಲಾ ತನ್ನ ಕಡೆಯದನ್ನೆಲ್ಲ ನೋಡಿ ಮುಗಿಸಿದ್ದಳು. ಎಲ್ಲ ಸರಿ. ಹಾಗಾದರೆ ಮಾತು ತಿರುಗುತ್ತಿರುವುದು ನಡುವಿನ ತಂತಿಯಲ್ಲೋ, ಅಕ್ಕಲಕೋಟದ ಮೋಡೆಮ್‌ನಲ್ಲೋ?

"ಅಲ್ಲಿ ಯಾರನ್ನರ ಕೇಳಿಯೇನ?"

"ದಿನಾ ಕೇಳ್ತೀನಿ. ಸ್ಟೋರ್ ಕ್ಲಾರ್ಕ್ ಸಿದ್ರಾಮಪ್ಪ ಕಾಕಾ ಇದಾರಲ್ಲ. 'ಕಾಕಾ, ಯಾರರ ಏನರ ಮುಟ್ಟ್ಯಾರೇನ್ರಿ?' ಅಂದ್ರ 'ಏ ಇಲ್ಲವ್ವಾ, ಯಾರೂ ಆ ಡಬ್ಬಿ ಗೊಡವಿಗೆ ಹೋಗಂಗಿಲ್ಲ' ಅಂತಾರ. 'ದೀಪ ಹೆಂಗದಾವ?' ಅಂದ್ರ 'ಎಲ್ಲಾ ಹತ್ಯಾವ್ರಿ, ಬೇಷ್ ಹತ್ಯಾವ' ಅಂತಾರ. ಭಾಳ ಚಲೋ ಮನುಷ್ಯಾರು. ಸುಳ್ಳು ಹೇಳೂ ಪೈಕಿ ಅಲ್ಲ. ಆದ್ರ ದೀಪದ ಕೆಳಗಿನ ಇಂಗ್ಲಿಷ್ ಅಕ್ಷರ ಓದಾಕ ಬರಂಗಿಲ್ಲ. ನಾ ಸಂಜಿಗೆ ಪರದೆ ಬಿಟ್ಟು ಏಳೂಹಂಗಿಲ್ಲ." ಆಮೇಲೆ ನನ್ನನ್ನೇ ನೋಡಿದಳು. "ಮಾವಶಿ, ನಿಂಗ ಇಂಗ್ಲಿಷ್ ಬರ್ತದಲ್ಲ?"

ಬರ್ತದೆ. ನನ್ನ ಇಂಗ್ಲಿಷಿಗೆ ಇಷ್ಟು ಅರ್ಜೆಂಟ್ ಡಿಮ್ಯಾಂಡ್ ಯಾವತ್ತೂ ಬಂದಿರಲಿಲ್ಲ!

ಹಾಗೆ ಗುರುವಾರ ಮಧ್ಯಾಹ್ನ ಎಸ್‌ಟಿ ಹತ್ತಿದೆ. ಗುರುವಾರದ ಅಕ್ಕಲಕೋಟದ ಬಸ್ಸು ನಿಮಗೆ ಗೊತ್ತಲ್ಲ, ತುಂಬ ಸ್ವಾಮಿ ಮಹಾರಾಜರ ದರ್ಶನಕ್ಕೆ ಹೊರಟ ಭಕ್ತರೇ. ಕೈಯಲ್ಲಿ ತೆಂಗಿನಕಾಯಿ ಇಲ್ಲದವಳು ನಾನೊಬ್ಬಳೇ. ಪಕ್ಕದಲ್ಲಿ ಕೂತ ಹೆಂಗಸು, "ದರ್ಶನಾಲಾ ಕಾ?", ದರ್ಶನಕ್ಕೇನು, ಎಂದು ಮರಾಠಿಯಲ್ಲಿ ಕೇಳಿದಳು. "ಮೋಡೆಮ್‌ಚ್ಯಾ ದರ್ಶನಾಲಾ" ಎಂದೆ. ಯಾವುದೋ ಹೊಸ ಮಹಾರಾಜರು ಇರಬೇಕೆಂದು ಭಕ್ತಿಯಿಂದ ತಲೆಯಾಡಿಸಿದಳು.

ಸಿದ್ರಾಮಪ್ಪ ಕಾಕಾ ಬಾಗಿಲಲ್ಲೇ ಕಾಯುತ್ತಿದ್ದರು. ರಿಟೈರ್ ಆಗಲು ಬಂದ ವಯಸ್ಸು, ಬಿಳಿ ಟೋಪಿ, ಹಣೆಯಲ್ಲಿ ವಿಭೂತಿ. "ಬರ್ರೀ ಬಾಯಾರ, ಬರ್ರಿ. ನಮ್ಮ ಶೈಲಾ ತಂಗಿ ಪೋನ್ ಮಾಡಿದ್ಲು. ಚಹಾ ತಗೋರಿ ಮೊದಲ." ಆ ಡಬ್ಬಿಯ ಮೇಲೆ ಒಂದು ಕಣ ಧೂಳಿಲ್ಲ. ಪಕ್ಕದಲ್ಲಿ ಪುಟ್ಟದೊಂದು ಚಾದರ ಮಡಿಸಿಟ್ಟಿದ್ದರು, ಮನೆಗೆ ಹೋಗುವಾಗ ಹೊದಿಸಲು! ಹೊರಡುವಾಗ ಮೇನ್ ಸ್ವಿಚ್ ಸಹ ಆರಿಸಿ ಹೋಗುತ್ತಾರಂತೆ, ವೋಲ್ಟೇಜ್ ಏರಿ ಸುಟ್ಟುಹೋಗಬಾರದಲ್ಲ.

ಐದು ಗಂಟೆಗೆ ಶೈಲಾಳ ಫೋನ್. ನಾನು ಮೊಣಕಾಲೂರಿದೆ. ಡಬ್ಬಿಯ ಮುಖದ ಮೇಲೆ ಸಾಲಾಗಿ ಕೆಂಪು ಪುಟಾಣಿ ದೀಪಗಳು, ಕೆಳಗೆ ಇರುವೆಯಂಥ ಅಕ್ಷರ. ಕನ್ನಡಕ ಏರಿಸಿ ಒಂದೊಂದೇ ಓದಿದೆ. ಎಲ್ಲ ಉರಿಯುತ್ತಿದ್ದವು. ಕೊನೆಯದೊಂದು ಆರಿತ್ತು. ಅದರ ಕೆಳಗೆ 'ಟೆಸ್ಟ್' ಎಂದಿತ್ತು, ಅದಕ್ಕೂ ಕೆಳಗೆ ಒಂದು ಗುಂಡಿ.

"ಕರೆಕ್ಟ್ ಅದ ಮಾವಶಿ. ಇಲ್ಲೂ ಲೈನ್ ಮಸ್ತ್ ಅದ. ಅಲ್ಲೇ ಕೂಡು, ಏಳಬ್ಯಾಡ."

ಕೂತೆ. ಮಗ್ಗಗಳ ಸದ್ದು ನಿಂತಿತು. ಹೊರಗೆ ಬೆಳಕು ಇಳಿಯಿತು. ಕಾಕಾ ಎದ್ದು ಕೈಕಾಲು ತೊಳೆದು ಬಂದರು. ದೇವರ ಫೋಟೋಕ್ಕೆ ಊದಿನಕಡ್ಡಿ ಹಚ್ಚಿದರು, ಟ್ಯೂಬ್‌ಲೈಟಿನ ಸ್ವಿಚ್ ಹಾಕಿದರು. ಬೆಳಕು ಬಂದದ್ದೇ ತಡ, ಕಾಕಾ, ಆಫೀಸಿನಲ್ಲಿದ್ದ ಇನ್ನಿಬ್ಬರು ಆಳುಗಳು ಕೈಮುಗಿದು ಕಣ್ಣು ಮುಚ್ಚಿದರು. ನಾನೂ ಕೈಮುಗಿದೆ. ಸಂಜೆ ದೀಪ ಹತ್ತಿದಾಗ ಕೈಮುಗಿಯದ ಮನೆ ನಮ್ಮ ಕಡೆ ಎಲ್ಲಿದೆ?

ಆದರೆ ನನಗೊಂದು ಹಳೆಯ ದುರಭ್ಯಾಸ. ಕಾನ್ವೆಂಟಿನಲ್ಲಿ ಪ್ರಾರ್ಥನೆಯ ಹೊತ್ತಿಗೆ ಒಂದು ಕಣ್ಣು ಅರ್ಧ ತೆರೆದೇ ಇರುತ್ತಿತ್ತು. ಸಿಸ್ಟರ್ ಅದಕ್ಕಾಗಿ ಎಷ್ಟು ಸಲ ಕಿವಿ ಹಿಂಡಿದ್ದಾರೋ! ಅಂದೂ ಅರ್ಧ ತೆರೆದಿತ್ತು.

ಆ ಅರ್ಧ ಕಣ್ಣಿಗೆ ಕಂಡದ್ದು ಹೇಳುತ್ತೇನೆ. ಕಾಕಾ ಮೆಲ್ಲಗೆ ಡಬ್ಬಿಯ ಹತ್ತಿರ ಬಂದರು. ಬಗ್ಗಿದರು. ಸಾಲಿನಲ್ಲಿ ಆರಿದ್ದ ಒಂದೇ ದೀಪದ ಕೆಳಗಿನ ಗುಂಡಿಯನ್ನು ಒಂದು ಬೆರಳಿನಿಂದ ಒತ್ತಿದರು. ದೀಪ ಹತ್ತಿತು. ಅದಕ್ಕೂ ಕೈಮುಗಿದರು.

ಟ್ರಿಣ್ ಟ್ರಿಣ್!

"ಮಾವಶೀ, ಹೋತು! ಲೂಪ್ಡ್ ಅಂತ ಬಂತು! ಮಾಲಕರು ಇಲ್ಲೇ ನಿಂತಾರ. ಏನಾತ ಅಲ್ಲಿ? ಮಾವಶಿ, ಯಾಕ ಮಾತಾಡವಲ್ಲಿ? ಅಳಾಕತ್ತಿಯೇನ?"

ಅಳುವುದೆಲ್ಲಿ ಬಂತು? ನನಗೆ ನಗು ತಡೆಯಲಾಗುತ್ತಿರಲಿಲ್ಲ. ಹೇಗೋ ಉಸಿರು ಹಿಡಿದು ಕಾಕಾರನ್ನೇ ಕೇಳಿದೆ, "ಕಾಕಾ, ಅದೇನ್ ಒತ್ತಿದ್ರೀಗ?"

"ಒತ್ತಲಿಲ್ರೀ, ದೀಪ ಹಚ್ಚಿದೆ." ಅವರ ಮುಖದಲ್ಲಿ ನನ್ನ ಬಗ್ಗೆಯೇ ಆಶ್ಚರ್ಯ. "ಎಲ್ಲಾ ಹತ್ಯಾವ, ಇದೊಂದು ಆರಿರ್ತದ. ತಿನಿಸಂಜಿ ಹೊತ್ತಿನ್ಯಾಗ ಆರಿದ ದೀಪ ಇಡಬಾರದಲ್ರೀ. ದಿನಾ ಹಚ್ಚತೀನಿ. ರಾತ್ರಿ ಮೇನ್ ಸ್ವಿಚ್ ಆರಿಸಿ ಮುಂಜಾನೆ ಹಾಕಿದ್ರ ಉಳಿದವೆಲ್ಲಾ ಹತ್ತತಾವ, ಇದೊಂದು ಹತ್ತಂಗಿಲ್ಲ."

ಅಷ್ಟೂ ಫೋನಿನ ಆ ಕಡೆಗೆ ಕೇಳಿಸಿತ್ತು. ಆಮೇಲೆ ಶೈಲಾಳ ದನಿ, ಸಣ್ಣಗೆ: "ಅಗಬಾಯಿ! ಎಲ್ಲಾ ದೀಪ ಹತ್ಯಾವಂತ ನಾಕ್ ದಿನಾ ಹೇಳ್ಯಾರ ಮಾವಶಿ. ಎಲ್ಲಾ ಹತ್ತಬಾರದು ಅಂತ ನಂಗ ಹೊಳೀಲಿಲ್ಲ ನೋಡು."

ಗುಂಡಿಯನ್ನು ನಾನೇ ಇನ್ನೊಮ್ಮೆ ಒತ್ತಿದೆ. (ನನ್ನ ಟೆಕ್ನಿಕಲ್ ಕರಿಯರ್‌ನ ಏಕೈಕ ರಿಪೇರಿ!) ದೀಪ ಆರಿತು. ಆ ಕಡೆ ಶೈಲಾ ಕೂಗಿದ್ದು ಫೋನಿಲ್ಲದೆಯೂ ಅಕ್ಕಲಕೋಟಕ್ಕೆ ಕೇಳಿಸುತ್ತಿತ್ತೇನೋ. ಯಾದಿ ಹೊರಟಿತು, ಮುಟ್ಟಿತು, ಪ್ರಿಂಟರ್ ಕರಕರ ಎಂದಿತು. ಮಾಲಕರ ದನಿಯೂ ಕೇಳಿತು: "ಶಾಬ್ಬಾಸ್ ಶೈಲಾತಾಯಿ! ಟೇಬಲ್ ಇದ ಇರ್ಲಿ."

ಕಾಕಾ ಮಾತ್ರ ಸಪ್ಪಗೆ ನಿಂತಿದ್ದರು. ನಾಲ್ಕು ಸಂಜೆಯ ರಾದ್ಧಾಂತಕ್ಕೆ ತಾವೇ ಕಾರಣವೆಂದು ಈಗ ಅವರಿಗೂ ತಿಳಿದಿತ್ತು. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಶೈಲಾ ಫೋನ್ ಅವರಿಗೆ ಕೊಡಲು ಹೇಳಿದಳು. ಕೊಟ್ಟು, ಬೈಯುತ್ತಾಳೇನೋ ಎಂದು ನನ್ನ ಕಿವಿಯನ್ನೂ ಹತ್ತಿರ ಒಯ್ದೆ.

"ಕಾಕಾ, ಅಲ್ಲಿ ಆ ದೀಪ ಆರಿದ್ರ ಇಲ್ಲಿ ನಮ್ಮದು ಹತ್ತತದ್ರಿ."

ಕಾಕಾ ಡಬ್ಬಿಯ ಆರಿದ ದೀಪವನ್ನೊಮ್ಮೆ ನೋಡಿದರು. ಟೋಪಿ ತಲೆಗೇರಿತು. "ಹಂಗಂದ್ರ ಸೋಲಾಪುರದಾಗ ಹತ್ತತದಲ್ಲವ್ವಾ? ಮುಗೀತ್ ಬಿಡು. ಹತ್ತಬೇಕಂದ್ರ ಎಲ್ಲೆರ ಹತ್ಲಿ."

ಇದಕ್ಕಿಂತ ಚೆಂದದ ಟ್ರೇನಿಂಗ್ ಯಾವ ಕಂಪನಿ ಕೊಡುತ್ತದೆ ಹೇಳಿ?

ನನ್ನನ್ನು ಸ್ಟ್ಯಾಂಡಿನವರೆಗೆ ಬಿಡಲು ಬಂದರು. ಬಸ್ಸು ಹೊರಡುವ ಮುಂಚೆ ಕಿಟಕಿಯ ಹತ್ತಿರ ಬಂದು, ಯಾರ ಮೇಲೂ ಸಿಟ್ಟಿಲ್ಲದ ದನಿಯಲ್ಲಿ, ಮಗು ಕೇಳುವ ಹಾಗೆ ಕೇಳಿದರು:

"ಬಾಯಾರ, ತಂಗಿ ದಿನಾ 'ಯಾರರ ಏನರ ಮುಟ್ಟ್ಯಾರೇನು' ಅಂತನ ಕೇಳತಿದ್ಲು. 'ಕಾಕಾ, ಸಂಜಿಗೆ ನೀವು ಏನೇನ್ ಮಾಡ್ತೀರಿ' ಅಂತ ಒಂದಿನ ಕೇಳಿದ್ರ, ನಾ ಹೇಳತಿದ್ದಿಲ್ಲೇನ್ರಿ?"

ದಾರಿಯುದ್ದಕ್ಕೂ ಆ ಮಾತು ನನ್ನ ಪಕ್ಕದ ಸೀಟಿನಲ್ಲೇ ಕೂತಿತ್ತು. ನನ್ನ ಮನೆಗೆ ಹನ್ನೊಂದು ವರ್ಷದಿಂದ ಭಾಂಡೆ ತಿಕ್ಕಲು ಬರುವ ಕಸ್ತೂರಿಬಾಯಿಯನ್ನು ನಾನು ಸಾವಿರ ಸಲ ಪ್ರಶ್ನೆ ಕೇಳಿದ್ದೇನೆ. ಕಪ್ಪು ಯಾರು ಒಡೆದರು? ತಡ ಯಾಕಾಯಿತು? ಚಮಚ ಎಲ್ಲಿ ಹೋಯಿತು? ಶುಕ್ರವಾರ ಬೆಳಿಗ್ಗೆ ಮೊದಲ ಸಲ ಕೇಳಿದೆ, "ಕಸ್ತೂರಿ, ಇಲ್ಲಿಂದ ಹೋದಮ್ಯಾಲ ದಿನಾ ಏನೇನ್ ಮಾಡ್ತಿಯವ್ವಾ?" ಅವಳು ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಗೋಡೆಗೆ ಒರಗಿ ಕೂತಳು. ಮಧ್ಯಾಹ್ನವಾದರೂ ಅವಳ ಮಾತು ಮುಗಿಯಲಿಲ್ಲ, ನನ್ನ ಹೂಂಗುಟ್ಟುವಿಕೆಯೂ ನಿಲ್ಲಲಿಲ್ಲ.

ನೀವು ಆ ಪ್ರಶ್ನೆಯನ್ನು ಯಾರನ್ನು ಕೇಳದೆ ಉಳಿಸಿದ್ದೀರಿ?