ಚುಂಚನಕಟ್ಟೆಗೆ ಕಜ್ಜಾಯ ಕಟ್ಟಿಕೊಂಡು

ನಾವು ಚಿಕ್ಕವರಿದ್ದಾಗ ನಮ್ಮ ಕಡೆ ಮಕ್ಕಳನ್ನು ಯಾರೂ ಸುಮ್ಮನೆ ಎಲ್ಲಿಗೂ ಕರೆದುಕೊಂಡು ಹೋಗುತ್ತಿರಲಿಲ್ಲ. ಭಾನುವಾರ ಬಂತೆಂದರೆ ಕಾರಿಗೆ ನೀರಿನ ಬಾಟಲಿ, ಚಿಪ್ಸು ತುಂಬಿಕೊಂಡು ಹೊರಡುವ ಕಾಲವಲ್ಲ ಅದು. ತೊಂಬತ್ತರ ದಶಕದಲ್ಲಿ ಹುಣಸೂರಿನ ಹತ್ತಿರ ಗುರುಪುರದ ಕಡೆಯ ಹೊಗೆಸೊಪ್ಪಿನ ಊರುಗಳಲ್ಲಿ ದೊಡ್ಡವರು "ನಡೀ ಮಗಾ, ಸುತ್ತಾಡ್ಕಂಡ್ ಬರನ" ಅಂದರೆ ಅದರ ಹಿಂದೆ ಏನೋ ಒಂದು ಇದ್ದೇ ಇರುತ್ತಿತ್ತು. ನಿಮ್ಮ ಮನೆಯಲ್ಲೂ ಹಾಗೇ ಇದ್ದಿರಬೇಕು, ನೆನಪು ಮಾಡಿಕೊಳ್ಳಿ.

ನನಗಂತೂ ಚೆನ್ನಾಗಿ ಅನುಭವವಾಗಿತ್ತು. ಟಿಬೆಟಿನವರ ಕ್ಯಾಂಪಿನ ಗುಡಿ ತೋರಿಸುತ್ತೇನೆಂದು ಸೈಕಲ್ ಮೇಲೆ ಕೂರಿಸಿಕೊಂಡು ಹೋದ ಅಪ್ಪ, ಗುಡಿಯ ದಾರಿ ಬಿಟ್ಟು ಡಾಕ್ಟರ ಬಾಗಿಲಿಗೆ ಒಯ್ದು ಸೂಜಿ ಚುಚ್ಚಿಸಿದ್ದ. ಹುಣಸೂರಿನಲ್ಲಿ ಐಸ್‌ಕ್ರೀಮ್ ಕೊಡಿಸುತ್ತೇನೆಂದು ಅವ್ವ ಹಲ್ಲು ಕೀಳಿಸಿದ್ದಳು. ಐಸ್‌ಕ್ರೀಮನ್ನೂ ಕೊಡಿಸಿದಳು, ಸುಳ್ಳು ಹೇಳಬಾರದು, ಆದರೆ ನಾನದನ್ನು ಕಣ್ಣೀರು ಮೂಗುನೀರಿನ ಜೊತೆ ತಿಂದೆ. ನನ್ನ ಜೊತೆ ಓದುತ್ತಿದ್ದ ರತ್ನಿಯನ್ನು ಮೈಸೂರಿನ ಹುಲಿ ತೋರಿಸುತ್ತೇವೆಂದು ಕರೆದುಕೊಂಡು ಹೋಗಿ ಹಾಸ್ಟೆಲ್‌ಗೆ ಬಿಟ್ಟು ಬಂದರು. ಅವಳು ಹುಲಿ ನೋಡಿದಳೋ ಇಲ್ಲವೋ ನನಗಿವತ್ತಿಗೂ ಗೊತ್ತಿಲ್ಲ.

ಹಾಗಿರುವಾಗ ಒಂದು ಶ್ರಾವಣದಲ್ಲಿ ಅಪ್ಪ ಉಣ್ಣುತ್ತಾ ಕೂತವನು, "ಚುಂಚನಕಟ್ಟೇಲಿ ನೀರು ಧೋ ಅಂತ ಬೀಳ್ತಾ ಅದಂತೆ. ಸೋಮವಾರ ಎಲ್ಲಾರೂವೆ ಹೋಗನ. ಮಕ್ಳು ನೋಡ್ಲಿ" ಅಂದ. ತಮ್ಮ ಪುಟ್ಟ ತಟ್ಟೆ ಬಿಟ್ಟೆದ್ದು ಕುಣಿದ. ನಾನು ಕುಣಿಯಲಿಲ್ಲ.

ಯಾಕೆಂದರೆ ಅದು ಬ್ಯಾರನ್ ಉರಿಯುವ ಕಾಲ. ಬ್ಯಾರನ್ ಎಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಮನೆ. ಒಮ್ಮೆ ಬೆಂಕಿ ಹಾಕಿದರೆ ಹಗಲೂ ರಾತ್ರಿ ಒಬ್ಬರು ಕಾಯಬೇಕು. ಕಾವು ಹೆಚ್ಚಾದರೂ ಹೋಯಿತು, ಕಮ್ಮಿಯಾದರೂ ಹೋಯಿತು. ಇಡೀ ಊರಿಗೇ ಆ ಸಿಹಿಘಾಟಿನ ವಾಸನೆ ಹಿಡಿದಿರುತ್ತಿತ್ತು. ಅಂಥ ದಿನಗಳಲ್ಲಿ ಹೆಣ ಬಿದ್ದರೂ ಊರು ಬಿಡದ ನಮ್ಮಪ್ಪ, ಬೆಂಕಿಯನ್ನು ಚಿಕ್ಕಪ್ಪನಿಗೆ ಒಪ್ಪಿಸಿ, ಬಾಡಿಗೆ ವ್ಯಾನು ಮಾಡಿಕೊಂಡು, ನಮಗೆ ನೀರು ಬೀಳುವುದನ್ನು ತೋರಿಸುತ್ತಾನಂತೆ! ಯಾರ ಕಿವಿಗೆ ಹೂವು ಇಡುತ್ತಾರೆ ಇವರು?

"ಏನ್ ಇಸ್ಯ ಅವ್ವಾ?" ಅಂತ ಅಡುಗೆಮನೆಯಲ್ಲಿ ಕೇಳಿದೆ.

"ಇಸ್ಯ ಏನ್ ಬಂತೇ? ಸುಮ್ನೆ."

ಸುಮ್ಮನೆಯಂತೆ. ಆ ಸುಮ್ಮನೆಗೆ ಅವ್ವ ಕಜ್ಜಾಯ ಕರಿಯುತ್ತಿದ್ದಳು. ಬುತ್ತಿಗೆ ಚಿತ್ರಾನ್ನ, ಮೊಸರನ್ನ ಕಟ್ಟುವುದು ಸರಿ. ಕಜ್ಜಾಯಕ್ಕೆ ಅಕ್ಕಿ ನೆನೆಹಾಕಿ, ಕುಟ್ಟಿ, ಬೆಲ್ಲದ ಪಾಕ ಹಿಡಿದು, ಅದನ್ನು ಹದಕ್ಕೆ ಬಿಟ್ಟು ಕರಿಯಬೇಕು. ಬೀಗರು ಬರುವಾಗ ಮಾಡುವ ತಿಂಡಿ ಅದು. ಬಂಡೆಯ ಮೇಲೆ ಕೂತು ತಿನ್ನಲು ಯಾರಾದರೂ ಮಾಡುತ್ತಾರೆಯೇ?

ಅದಕ್ಕಿಂತ ಹೆಚ್ಚಿಗೆ ಅನುಮಾನ ಬಂದದ್ದು ಅತ್ತೆಯ ಕೈ ನೋಡಿ. ಸುನಂದತ್ತೆ ಅಪ್ಪನ ಕೊನೆಯ ತಂಗಿ. ಅಜ್ಜಿ ಹೋದಮೇಲೆ ಅವಳೇ ನನಗೆ ಅಜ್ಜಿ, ಅಕ್ಕ, ಗೆಳತಿ ಎಲ್ಲ. ಅವಳ ಮಗ್ಗುಲಲ್ಲೇ ಮಲಗುತ್ತಿದ್ದೆ. ಅಳಗುಳಿಮಣೆ ಆಡುವಾಗ ಅವಳು ಹುಣಸೆಬೀಜ ಕದ್ದು ಸೆರಗಿಗೆ ಹಾಕಿಕೊಳ್ಳುತ್ತಿದ್ದಳು, ನಾನು ಹಿಡಿದುಬಿಡುತ್ತಿದ್ದೆ. "ಈ ಮುಂಡೇದಕ್ಕೆ ಯಾರ್ ಮ್ಯಾಲೂ ನಂಬ್ಕೆ ಇಲ್ಲ ಕಣಪ್ಪಾ" ಎಂದು ನಗುತ್ತಿದ್ದಳು. ಬ್ಯಾರನ್‌ನೊಳಗೆ ನೇತುಹಾಕಲು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುವುದರಲ್ಲಿ ಅವಳ ವೇಗ ಊರಿನಲ್ಲಿ ಯಾರಿಗೂ ಇರಲಿಲ್ಲ. ಆ ಸೊಪ್ಪಿನ ಅಂಟು ಅಂಗೈಗೆ ಹಿಡಿದು ಕಪ್ಪಗಾಗಿ, ಆರು ತಿಂಗಳು ಹೋಗುತ್ತಿರಲಿಲ್ಲ. ಭಾನುವಾರ ಸಂಜೆ ಅವ್ವ ಅವಳನ್ನು ಬಚ್ಚಲ ಕಲ್ಲಿನ ಮೇಲೆ ಕೂರಿಸಿಕೊಂಡು ನಿಂಬೆಹಣ್ಣು ಹಾಕಿ ಅಂಗೈ ಉಜ್ಜುತ್ತಿದ್ದಳು. ಉಜ್ಜಿ ಉಜ್ಜಿ ಕೆಂಪಗಾಗಿತ್ತು. ಅತ್ತೆ "ಉರೀತದೆ ಅತ್ತಿಗೆ" ಅನ್ನುತ್ತಿದ್ದಳು. ನೀರು ನೋಡಲು ಹೋಗುವವರಿಗೆ ಕಣ್ಣು ಸಾಲದೆ?

ಅದಕ್ಕೂ ಮೊದಲು ಎರಡು ಸಲ ಅತ್ತೆಯನ್ನು ನೋಡಲು ಮನೆಗೆ ಜನ ಬಂದಿದ್ದರು. ಉಪ್ಪಿಟ್ಟು ತಿಂದು ಹೋದವರು ಮತ್ತೆ ಸುದ್ದಿ ಕಳಿಸಲಿಲ್ಲ. ಬೀದಿಯವರು "ಏನಾಯ್ತು, ಏನಾಯ್ತು" ಎಂದು ಕೇಳಿ ಕೇಳಿ, ಅತ್ತೆ ಬಾವಿಯ ಕಡೆ ಹೋಗುವುದನ್ನೇ ಬಿಟ್ಟಿದ್ದಳು. "ಇನ್ ಮನೆಗ್ ಬರ್ಸದ್ ಬ್ಯಾಡ, ಎಲ್ಲಾದ್ರೂ ವರ್ಗಡೇನೇ ತೋರ್ಸನ" ಎಂದು ಅಪ್ಪ ಅವ್ವನಿಗೆ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಏನನ್ನು ತೋರಿಸುತ್ತಾರೆ ಅನ್ನುವುದು ಮಾತ್ರ ನನ್ನ ತಲೆಗೆ ಹೋಗಿರಲಿಲ್ಲ. ನನ್ನ ಭಯವೆಲ್ಲ ಹಾಸ್ಟೆಲ್ಲಿನದು.

ಅದಕ್ಕೇ ಸೋಮವಾರ ಬೆಳಿಗ್ಗೆ ಯಾರೂ ಇಲ್ಲದಾಗ ಬ್ಯಾಗು ಬಿಚ್ಚಿ ನೋಡಿದೆ. ನನ್ನ ಬಟ್ಟೆ ಇರಲಿಲ್ಲ, ಪುಟ್ಟನದೂ ಇರಲಿಲ್ಲ. ಉಸಿರು ಬಂತು. ಅಡಿಯಲ್ಲಿ ಅತ್ತೆಯ ಹಸಿರು ರೇಷ್ಮೆ ಸೀರೆ ಮತ್ತು ಅವ್ವನ ಜುಮುಕಿ ಇದ್ದವು. ಉಸಿರು ಮತ್ತೆ ನಿಂತಿತು. ಬಿಟ್ಟು ಬರುವುದು ನನ್ನನ್ನಲ್ಲ, ಅತ್ತೆಯನ್ನು! ವ್ಯಾನಿನಲ್ಲಿ ಹುಣಸೂರು ದಾಟಿದರೂ, ಕೆ.ಆರ್. ನಗರ ದಾಟಿದರೂ, ಅವಳ ಸೆರಗಿನ ತುದಿಯನ್ನು ಮುಷ್ಟಿಯಿಂದ ಬಿಡಲಿಲ್ಲ.

ಚುಂಚನಕಟ್ಟೆಯಲ್ಲಿ ಇಳಿಯುವಾಗಲೇ ಸದ್ದು. ಎದೆಯೊಳಗೇ ಗುಡುಗಿದ ಹಾಗೆ. ಒದ್ದೆ ಬಂಡೆಯ ವಾಸನೆ, ಉಪ್ಪುಖಾರ ಹಚ್ಚಿದ ಸೌತೆಕಾಯಿಯ ವಾಸನೆ. ಅಲ್ಲಿನ ರಾಮನ ಗುಡಿಯೊಳಗೆ ಹೋದರೆ ನೀರಿನ ಸದ್ದು ಕೇಳಿಸುವುದಿಲ್ಲ ಎನ್ನುತ್ತಾರೆ. ನಾನು ಅದನ್ನೂ ನಂಬದೆ ಒಳಗೆ ಹೊರಗೆ, ಒಳಗೆ ಹೊರಗೆ ಓಡಾಡಿ ಪರೀಕ್ಷೆ ಮಾಡಿ ಅವ್ವನಿಂದ ತಲೆಗೆ ಮೊಟಕಿಸಿಕೊಂಡೆ. ನಿಜವೇ ಅನ್ನಿಸಿತು, ಆದರೂ ಪೂರ್ತಿ ಒಪ್ಪಲಿಲ್ಲ. ನಾನು ಈ ಪರೀಕ್ಷೆಯಲ್ಲಿದ್ದಾಗಲೇ ಗುಡಿಯ ಹಿಂದೆ ಅತ್ತೆಗೆ ಹಸಿರು ಸೀರೆ ಉಡಿಸಿದ್ದರು.

ಆಮೇಲೆ ಅಪ್ಪ ನನ್ನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಪುಟ್ಟನನ್ನು ಕೂರಿಸಿಕೊಳ್ಳುವುದಿತ್ತು, ನನ್ನನ್ನು ಯಾವತ್ತೂ ಇಲ್ಲ. "ನೋಡವ್ವಾ, ಎಂಗ್ ಬೀಳ್ತದೆ ನೋಡು" ಅಂದ. ನಾನು ಅಷ್ಟು ಎತ್ತರದಿಂದ ನೋಡಿದ್ದು ನೀರನ್ನಲ್ಲ. ಆಚೆ ಬಂಡೆಯ ಮೇಲೆ ಒಬ್ಬ ಹೆಂಗಸು ನಮ್ಮ ಅತ್ತೆಯನ್ನೇ ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದಳು. ಅವಳನ್ನು ನೋಡಿದೆ.

ಚಾಪೆ ಹಾಸಿದರು. "ಸುನಂದಾ, ಈ ಕಡೀಕ್ ಮಕ ಮಾಡ್ಕಂಡ್ ಕೂತ್ಕೊ" ಅಂದಳು ಅವ್ವ. ಅತ್ತೆ ಕೂತಳು, ಬೀಳುವ ನೀರಿಗೆ ಬೆನ್ನು ಹಾಕಿ. ಅಲ್ಲ ಸ್ವಾಮೀ, ಅಷ್ಟು ದೂರದಿಂದ ನೀರು ನೋಡಲು ಕರೆತಂದು ಯಾರಾದರೂ ನೀರಿಗೆ ಬೆನ್ನು ಮಾಡಿ ಕೂರಿಸುತ್ತಾರೆಯೇ? ಅತ್ತೆಯ ಮುಖಕ್ಕೆ ನೇರವಾಗಿ ಆ ಹೆಂಗಸಿನ ಚಾಪೆ. ಅವಳ ಜೊತೆ ಬಿಳಿ ಅಂಗಿಯ ಒಬ್ಬ ಗಂಡಸು, ನಡೆಯಲು ಕಲಿತು ಮಾತು ಕಲಿಯುತ್ತಿರುವ ಒಂದು ಗಂಡು ಮಗು.

"ಓ, ಯಾವೂರ್ನೋರು ನೀವು?" ಅಂತ ಅಪ್ಪ ಶಾಲೆಯ ನಾಟಕದಲ್ಲಿ ಕೂಗುವ ಹಾಗೆ ಕೂಗಿದ.

"ನಾವು ಇಲ್ಲೇ, ಕೆ.ಆರ್. ನಗರದಿಂದಾಚೆ. ಸುಮ್ನೆ ಬಂದೊ, ಮಗೀಗೆ ನೀರ್ ತೋರ್ಸನ ಅಂತ" ಎಂದಳು ಹೆಂಗಸು.

ಇವರದ್ದೂ ಸುಮ್ಮನೆ! ಆ ಕ್ಷಣಕ್ಕೆ ನನಗೆ ಎಲ್ಲ ಹೊಳೆದುಹೋಯಿತು. ಮನೆಗೆ ಕರೆಸಿ ಬೀದಿಗೆಲ್ಲ ಗೊತ್ತಾಗುವುದು ಬೇಡವೆಂದು ಅತ್ತೆಯನ್ನು ಇಲ್ಲಿ ಆ ಬಿಳಿ ಅಂಗಿಯವನಿಗೂ ಅವನವ್ವನಿಗೂ ತೋರಿಸುತ್ತಿದ್ದಾರೆ. ಒಪ್ಪದಿದ್ದರೆ ಯಾರಿಗೂ ತಿಳಿಯುವುದಿಲ್ಲ. ನೋಡಿದವರಿಗೆ ಮಕ್ಕಳನ್ನು ಕಟ್ಟಿಕೊಂಡು ಸುತ್ತಾಡಲು ಬಂದ ಎರಡು ಸಂಸಾರ. ನಾನು, ಪುಟ್ಟ, ಆ ಮಗು, ಮೂವರೂ ಅದಕ್ಕೆ ಬೇಕಾದ ಸಾಮಾನು. ಮೈಯೆಲ್ಲ ಉರಿದುಹೋಯಿತು.

ಹೆಂಗಸು ಅತ್ತೆಯ ಕೈಯಲ್ಲಿ ನೀರು ತರಿಸಿಕೊಂಡು ನಡಿಗೆ ನೋಡಿದಳು. ಲೋಟ ಇಸಿದುಕೊಳ್ಳುವಾಗ ಅಂಗೈ ನೋಡಿದಳು. ಗಂಡಸು ಪುಟ್ಟನಿಗೆ ಸೌತೆಕಾಯಿ ಕೊಡಿಸಲು ಆಚೆ ಹೋದಾಗ ಅವ್ವ ಕೇಳಿದಳು: "ಮಗ ಯಾರ್ದ್ ಕಣಮ್ಮಾ?"

"ನನ್ ಮಗಳ್ದು ಕಣವ್ವ. ಎರಡ್ನೇ ಬಾಣಂತನಕ್ಕೆ ಬಂದವ್ಳೆ. ಸೋದರ್ಮಾವನ್ನ ಬುಟ್ಟು ಇರಲ್ಲ ಇದು."

ಇರಬಹುದು. ಆದರೆ ಗಂಡಸು ವಾಪಸ್ಸು ಬಂದಮೇಲೆ ಮಗು ಮತ್ತೆ ಮತ್ತೆ ಅವನ ತೊಡೆಗೆ ಹೋಗುವುದು, ಹೆಂಗಸು ಮತ್ತೆ ಮತ್ತೆ ಅದನ್ನು ಎಳೆದು ತನ್ನ ಕಡೆ ಹಾಕಿಕೊಳ್ಳುವುದು ನಡೆದೇ ಇತ್ತು. ಮಾವನ ತೊಡೆಯಾದರೆ ಎಳೆಯುವುದು ಯಾಕೆ? ನಾನು ಒಂದು ಕಜ್ಜಾಯ ತೆಗೆದುಕೊಂಡು ಮಗುವನ್ನು ಕೈಹಿಡಿದು ಬಂಡೆಯ ಮರೆಗೆ ಕರೆದೊಯ್ದೆ.

"ನಿಮ್ಮಪ್ಪ ಎಲ್ಲವ್ರೆ ಮಗಾ?"

ಬೆಲ್ಲ ಮೆತ್ತಿದ ಬೆರಳನ್ನು ಬಿಳಿ ಅಂಗಿಯ ಕಡೆ ತೋರಿಸಿ ನಕ್ಕಿತು. "ಅಪ್ಪ."

"ಅವ್ವ ಎಲ್ಲಿ?"

ಮಗು ಕಜ್ಜಾಯ ಕಚ್ಚಿತು.

ನಾನು ನೆಟ್ಟಗೆ ಹೋಗಿ ಅತ್ತೆಯ ಕಿವಿಗೆ ಬಾಯಿಟ್ಟು ಹೇಳಿದೆ. ನೀರಿನ ಸದ್ದಿಗೆ ಅವಳಿಗೊಬ್ಬಳಿಗೇ ಕೇಳಿಸಿತು. ಅತ್ತೆ ತನ್ನ ಕೆಂಪು ಅಂಗೈ ನೋಡಿಕೊಂಡಳು. ಆಮೇಲೆ ಎದ್ದಳು. ತೋರಿಸಲು ಕೂರಿಸಿದ ಹೆಣ್ಣು ತಾನಾಗಿ ಏಳಬಾರದು. ಅವ್ವ "ಸುನಂದಾ" ಅಂದರೂ ನಿಲ್ಲದೆ ಆ ಗಂಡಸಿನ ಮುಂದೆ ಹೋಗಿ ನಿಂತಳು.

"ಮಗ ನಿಮ್ದೇನ್ರೀ?"

ಅವನು ಗಾಬರಿಯಿಂದ ಎದ್ದು ನಿಂತ. "ಊಂ ಕಣ್ರೀ, ನಂದೇ. ಇದ್ರವ್ವ ವಾದ್ ವರ್ಸ ತೀರ್ಕಂಡ್ಳು. ನಿಮ್ಗೆ ಯೋಳವ್ರೆ ಅಂತ್ಲೇ ನಾನು ಬಂದದ್ದು. ಯೋಳಿಲ್ವಾ?"

"ಇಲ್ಲ."

"ನಿಧಾನುಕ್ ಯೋಳನ ಅಂತಿದ್ದೊ ಕಣವ್ವ, ಈಗೇನಾಯ್ತು" ಎಂದು ಹೆಂಗಸು ಬಾಯಿ ಹಾಕಿದಳು. ಅವನು "ಸುಮ್ಕಿರವ್ವ" ಎಂದು ಗದರಿ ತಲೆ ತಗ್ಗಿಸಿದ.

ಅತ್ತೆ ಅಪ್ಪನ ಕಡೆ ತಿರುಗಿದಳು. "ಅಣ್ಣಯ್ಯ, ನಿಂಗೆ ಗೊತ್ತಿತ್ತಾ?"

"ಒಳ್ಳೆ ಮನೆತನ ಕಣವ್ವಾ. ಕಾಲ್ವೆ ನೀರಿನ್ ಜಮೀನು. ಸೊಪ್ಪು, ಬೆಂಕಿ ಯಾವ್ದೂ ಇಲ್ಲ, ನಿನ್ ಕೈ…"

"ಗೊತ್ತಿತ್ತಾ ಅಂತ ಕೇಳ್ದೆ."

ಅಪ್ಪ ಬೀಳುವ ನೀರನ್ನು ನೋಡಿದ. "ಗೊತ್ತಿತ್ತು" ಅಂದ.

ಅವ್ವನಿಗೂ ಗೊತ್ತಿರಲಿಲ್ಲ ಅನ್ನುವುದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ಕಜ್ಜಾಯದ ಡಬ್ಬಿಯ ಮುಚ್ಚಳ ಹಾಕಿ ಪಕ್ಕಕ್ಕೆ ಇಟ್ಟುಬಿಟ್ಟಳು. ಅತ್ತೆ ಮಗುವನ್ನು ಎತ್ತಿಕೊಂಡು, ಅಂಟಾದ ಅದರ ಕೈಬಾಯಿಯನ್ನು ಹಸಿರು ರೇಷ್ಮೆಯ ಸೆರಗಿನಿಂದಲೇ ಒರೆಸಿ, ಅವರಪ್ಪನ ಕೈಗೆ ಕೊಟ್ಟಳು. "ಮಗೀನ್ ಮ್ಯಾಲೆ ನಂಗೇನೂ ಇಲ್ಲ ಕಣ್ರೀ. ಯೋಳಿದ್ರೆ ವಪ್ತಿದ್ನೋ ಏನೋ. ನನ್ ಕುಟೆ ಯಾರೂ ಯೋಳ್ನಿಲ್ವಲ್ಲ" ಅಂದವಳು ವ್ಯಾನಿನ ಕಡೆ ನಡೆದಳು.

ವಾಪಸ್ಸು ಬರುವಾಗ ಪುಟ್ಟ ಮಾತ್ರ "ನಾಳೀಕೂ ಹೋಗನಾ ಅಪ್ಪಾ?" ಅಂದ. ಮನೆಗೆ ಬಂದರೆ ಚಿಕ್ಕಪ್ಪ ಬೆಂಕಿಯ ಮುಂದೆ ಗೊರಕೆ ಹೊಡೆಯುತ್ತಿದ್ದ. ಕಾವು ಮೀರಿ ಒಂದು ಬ್ಯಾರನ್ ಸೊಪ್ಪು ಪೂರ್ತಿ ಕಪ್ಪಾಗಿತ್ತು. ಬೇರೆ ದಿನವಾಗಿದ್ದರೆ ಅಪ್ಪ ಊರು ಒಂದು ಮಾಡುತ್ತಿದ್ದ. ಅವತ್ತು ಚಿಕ್ಕಪ್ಪನನ್ನು ಎಬ್ಬಿಸದೆ ತಾನೇ ಬೆಂಕಿ ಆರಿಸಿದ. ಬೆಳಿಗ್ಗೆ ಅತ್ತೆ ಎಂದಿನಂತೆ ಸೊಪ್ಪು ಕಟ್ಟಲು ಕೂತಳು. ಸಂಜೆಯೊಳಗೆ ಅಂಗೈ ಮತ್ತೆ ಕಪ್ಪಾಯಿತು.

ಮುಂದಿನ ವರ್ಷ ಹಂಪಾಪುರದ ಕಡೆಯವರು ಮನೆಗೇ ಬಂದರು. ಅತ್ತೆ ಉಪ್ಪಿಟ್ಟು ಕೊಟ್ಟು, ಎದುರಿಗೇ ನಿಂತು, ಕೇಳಬೇಕಾದ್ದನ್ನೆಲ್ಲ ತಾನೇ ಕೇಳಿ ಒಪ್ಪಿದಳು. ಅವಳು ಮದುವೆಯಾಗಿ ಹೋದ ರಾತ್ರಿ ಅವಳ ಮಗ್ಗುಲು ಖಾಲಿ ಬಿಟ್ಟು ಮಲಗಿ ಎಷ್ಟು ಹೊತ್ತು ಅಳುತ್ತಿದ್ದೆನೋ.

ಅಪ್ಪ ನಮ್ಮನ್ನು ಮತ್ತೆಲ್ಲಿಗೂ ಕರೆದುಕೊಂಡು ಹೋಗಲಿಲ್ಲ. ಈಗ ಅಪ್ಪ ಇಲ್ಲ. ನನ್ನ ಮಕ್ಕಳನ್ನು ತಿಂಗಳಿಗೊಂದು ಕಡೆ ಸುತ್ತಿಸುತ್ತೇವೆ. ಎಲ್ಲಿಗೆ, ಯಾಕೆ ಎಂದು ಕೇಳದೆ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗುತ್ತವೆ. ಅವುಗಳನ್ನು ನೋಡಿ ಹೊಟ್ಟೆ ಉರಿಯುತ್ತದೆ. ಅಪ್ಪನ ಹೆಗಲ ಮೇಲೆ ನಾನು ಕೂತದ್ದು ಅದೊಂದೇ ಸಲ. ಆ ಹೆಗಲಿನ ಬಿಸಿ ನೆನಪಿದೆ, ಅವನ ತಲೆಯ ಹರಳೆಣ್ಣೆಯ ವಾಸನೆ ನೆನಪಿದೆ. ನೀರು ಹೇಗೆ ಬೀಳುತ್ತಿತ್ತು ಅನ್ನುವುದು ಮಾತ್ರ ಎಷ್ಟು ತಿಣುಕಿದರೂ ನೆನಪಾಗುವುದಿಲ್ಲ.

ಮೊನ್ನೆ ಅತ್ತೆಯ ಮನೆಗೆ ಹೋಗಿದ್ದಾಗ ಹಳೆಯದೆಲ್ಲ ಮಾತಿಗೆ ಬಂತು. "ಪಾಪ, ನಿನಗೂ ಏನೂ ಹೇಳದೆ ಕರೆದುಕೊಂಡು ಹೋಗಿದ್ದರಲ್ಲ ಅತ್ತೆ" ಅಂದೆ.

ಅತ್ತೆ ಅವರೆಕಾಯಿ ಸುಲಿಯುತ್ತಿದ್ದವಳು ನಕ್ಕಳು. "ಮಗ ಇರೋದ್ ಗೊತ್ತಿರ್ನಿಲ್ಲ, ಅಷ್ಟೇಯ. ತೋರ್ಸಕ್ಕೆ ಕರ್ಕಂಡೋಯ್ತಾವ್ರೆ ಅನ್ನಾದು ಗೊತ್ತಿತ್ತು ಕಣೇ. ಕಜ್ಜಾಯದಕ್ಕಿ ನೆನೆಹಾಕಿ ಕುಟ್ಟಿದ್ದು ನಾನೇ ಅಲ್ವಾ?"

"ಮತ್ತೆ ಯಾಕೆ ಬಂದೆ?"

"ನೀರ್ ನೋಡನ ಅಂತ. ಅದ್ ಬುಟ್ರೆ ನನ್ನ ಯಾರ್ ಎಲ್ಲಿಗ್ ಕರ್ಕಂಡೋಯ್ತಿದ್ರು ಯೋಳು?"

"ನೋಡಿದೆಯಾ?"

"ಎಲ್ ನೋಡ್ದೆ! ಬೆನ್ನಿಂದ್ಗಡೆ ಇತ್ತಲ್ಲ."

ನಾನು ಅವರೆಕಾಯಿಯ ಮೊರ ಪಕ್ಕಕ್ಕೆ ಸರಿಸಿ ಅವಳ ಕೈ ಹಿಡಿದುಕೊಂಡೆ. "ಈ ಭಾನುವಾರ ಹೋಗೋಣ ಬಾ ಅತ್ತೆ. ಕಾರಿದೆ. ನಾನು, ನೀನು, ಮಕ್ಕಳು. ಸುಮ್ಮನೆ."

ಅತ್ತೆ ಕೈ ಬಿಡಿಸಿಕೊಳ್ಳಲಿಲ್ಲ. ನನ್ನ ಮುಖವನ್ನೇ ದಿಟ್ಟಿಸಿ ನೋಡಿದಳು.

"ಸುಮ್ನೆ ಅಂದ್ರೆ?" ಅಂದಳು. "ಏನ್ ಇಸ್ಯ, ಮೊದ್ಲು ಅದ್ ಯೋಳು."