ಟೀಸಿಗೆ ಬರೆದ ಕಾರಣ

ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವುದರಲ್ಲಿ ನಮ್ಮಪ್ಪನದು ಪಳಗಿದ ಕೈ. ನನ್ನ ಪಿಯುಸಿ ಫಲಿತಾಂಶ ಬಂದ ವಾರವೇ ಹತ್ತಿರದ ಕಾಲೇಜೊಂದರ ಬಿ.ಎಸ್ಸಿಗೂ ಹಾಗೇ ಟವೆಲ್ ಎಸೆದ. "ಧಾರವಾಡ ಸಿಕ್ರ ಸಿಗ್ಲಿ, ಇಲ್ಲಂದ್ರ ಇದು ಐತಲ್ಲ" ಅಂದ. ನನಗೆ ಬೇಕಾಗಿದ್ದದ್ದು ಧಾರವಾಡದ ಕೃಷಿ ಕಾಲೇಜು. "ಹೊಲದಾಗ ಕಸ ತೆಗಿಯಾಕ ಪದವಿ ಯಾಕವ್ವಾ?" ಅಂತ ಸೋದರತ್ತೆ ನಕ್ಕಿದ್ದಳು. ನಗಲಿ ಬಿಡಿ. ಆ ತೊಂಬತ್ತರ ದಶಕದಲ್ಲಿ ನಮ್ಮ ಕಡೆಯ ಜೋಳದ ಹೊಲಗಳೆಲ್ಲ ಮೆಕ್ಕೆಜೋಳವಾಗುತ್ತಿದ್ದವು. ಯಾಕೆ ಅಂತ ತಿಳಿದುಕೊಳ್ಳುವ ಹಟ ನನ್ನದು.

ಟವೆಲ್ಲನ್ನಾದರೆ ಬೇಕಾದಾಗ ಎತ್ತಿಕೊಳ್ಳಬಹುದು. ಇಲ್ಲಿ ಅಪ್ಪ ಇಟ್ಟುಬಂದದ್ದು ನನ್ನ ಮೂಲ ಅಂಕಪಟ್ಟಿ ಮತ್ತು ಟೀಸಿ. ಧಾರವಾಡದಿಂದ ಸಂದರ್ಶನದ ಕಾಗದ ತಡವಾಗಿ ಬಂತು. ಶನಿವಾರ ಬರಬೇಕು, ಮೂಲ ದಾಖಲೆಗಳಿಲ್ಲದೆ ಬಂದರೆ ಸೀಟಿಲ್ಲ ಅಂತ ಬರೆದಿತ್ತು. ಅವತ್ತು ಗುರುವಾರ.

"ಕೈಕಾಲು ಹಿಡದು ಸೇರಿಸಿ ಬಂದೀನಿ. ವಾಪಸ್ ಕೇಳಾಕ ನಾ ಬರಂಗಿಲ್ಲ. ನೀನ ತಂದ್ರ ಧಾರವಾಡಕ್ಕ ಕರ್ಕೊಂಡು ಹೋಗ್ತೀನಿ," ಅಂದ ಅಪ್ಪ.

ಮರುದಿನ ಒಬ್ಬಳೇ ಆ ಕಾಲೇಜಿಗೆ ಹೋಗಿ ಟೀಸಿ, ಅಂಕಪಟ್ಟಿ ವಾಪಸ್ ಕೇಳಿದೆ. ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, "ಮದುವಿ ಗೊತ್ತಾತೇನವ್ವಾ?" ಅಂದರು.

"ಇಲ್ರಿ. ಧಾರವಾಡಕ್ಕ ಓದಾಕ ಹೊಂಟೀನಿ."

"ಹಂಗಾದ್ರ ಪ್ರಿನ್ಸಿಪಾಲ್ರು ಬರಬೇಕು. ಸೋಮವಾರ ಬಾ."

ನನ್ನ ಮುಖ ನೋಡಿ ಅವರಿಗೇ ಅಯ್ಯೋ ಅನ್ನಿಸಿತೇನೋ, ದನಿ ತಗ್ಗಿಸಿದರು. "ಒಂದು ಕೆಲ್ಸ ಮಾಡು. ಅರ್ಜಿಯೊಳಗ ಕಾರಣ ಮದುವಿ ಅಂತ ಬರಿ. ಮದುವಿಗಾದ್ರ ಸಾಹೇಬ್ರು ಖಾಲಿ ಟೀಸಿಗೆ ಮೊದ್ಲ ಸಹಿ ಹಾಕಿಟ್ಟಾರ, ಈಗಿಂದೀಗ ಕೊಡ್ತೀನಿ. ಎಲ್ಲಾ ಹುಡುಗ್ಯಾರೂ ಹಂಗ ಬರೀತಾರ."

ಬರೆದಿದ್ದರೆ ಐದು ನಿಮಿಷದ ಕೆಲಸ. ಪೆನ್ನು ಕೈಯಲ್ಲೇ ಇತ್ತು. ಆದರೆ ಮೈಯೆಲ್ಲ ಉರಿದುಹೋಯಿತು. 'ಕೃಷಿ ಕಾಲೇಜಿಗೆ ಸೇರಲು' ಅಂತ ದಪ್ಪಕ್ಷರದಲ್ಲಿ ಬರೆದು ಅವರ ಮುಂದಿಟ್ಟೆ.

"ಸಹಿ ಹೆಂಗೂ ಐತಲ್ರಿ. ಗಂಡನ ಮನಿಗೆ ಹೋಗಾಕಿಗೆ ಆಗೋ ಸಹಿ, ಕಾಲೇಜಿಗೆ ಹೋಗಾಕಿಗೆ ಆಗಂಗಿಲ್ಲೇನ್ರಿ?"

"ಭಾಳ ಮಾತಾಡ್ತಿ," ಅಂದು ಅವರು ಬೇರೆ ಕಡತ ತೆರೆದರು.

ನಾನು ಬೆಂಚಿನ ಮೇಲೆ ಕೂತೆ. ಅವರು ಊಟ ಮಾಡಿ ಬಂದರು, ಚಾ ಕುಡಿದು ಬಂದರು. ನಾನು ಏಳಲಿಲ್ಲ. ಭಯವಿತ್ತು, ಸುಳ್ಳು ಯಾಕೆ ಹೇಳಲಿ. ಧಾರವಾಡ ತಪ್ಪಿದರೆ ಮನೆಯವರೆಲ್ಲ ನನ್ನ ಹಟಕ್ಕೇ ಉಗಿಯುವವರು. ಐದು ಗಂಟೆಗೆ ಬೀಗ ಹಾಕಬೇಕು, ನಾನು ಅಲುಗುತ್ತಿಲ್ಲ. ಗುಮಾಸ್ತರು ಗೊಣಗುತ್ತ ಟೀಸಿ ತುಂಬಿದರು. ಅಂಕಪಟ್ಟಿ ತೆಗೆದಿಟ್ಟು, ದೊಡ್ಡ ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿ, "ಇಲ್ಲಿ ಸಹಿ ಮಾಡು" ಅಂದರು.

ಹುಡುಗಿಯರ ಹೆಸರಿನ ಮುಂದೆಲ್ಲ ಮೇಲಿಂದ ಕೆಳಗೆ ಒಂದೇ ಕಾರಣ: ಮದುವೆ, ಮದುವೆ, ಮದುವೆ. ಅವರಲ್ಲೊಬ್ಬಳು ನನಗೆ ಗೊತ್ತು; ಬಳ್ಳಾರಿಯಲ್ಲಿ ನರ್ಸಿಂಗ್ ಓದುತ್ತಿದ್ದಳು. ಕೊನೆಯ ಸಾಲು ನನ್ನದು. ಅದರ ಮುಂದೆಯೂ ರೂಢಿಯ ಮೇಲೆ ಅವರು ಮದುವೆ ಅಂತಲೇ ಬರೆದಿದ್ದರು.

"ಹೊಡದಾಕ್ರಿ," ಅಂದೆ.

"ಈ ಪುಸ್ತಕ ಯಾರು ನೋಡ್ತಾರವ್ವಾ?"

"ನಾ ನೋಡಿದ್ನಲ್ರಿ."

ಅವರು ಗೆರೆ ಎಳೆದು, ಮೇಲೆ 'ಓದು' ಅಂತ ಬರೆದು, ಪಕ್ಕದಲ್ಲಿ ತಿದ್ದಿದ್ದಕ್ಕೆ ಸಹಿ ಹಾಕಿದರು. ಆಮೇಲೆಯೇ ನಾನು ನನ್ನ ಸಹಿ ಹಾಕಿದ್ದು.