ತಲೆ ನೋಡಿದ ಟೀಚರು

ಗಿರಿಜಾ ಟೀಚರು ಮೊದಲ ದಿನ ಶಾಲೆಗೆ ಬಂದು ಮಾಡಿದ ಕೆಲಸವೆಂದರೆ ನಮ್ಮೆಲ್ಲರ ತಲೆಯಲ್ಲಿ ಹೇನು ಹುಡುಕಿದ್ದು. ನೀಲಗಿರಿಯ ನಮ್ಮ ಬಡಗರಲ್ಲಿ ಹಿರಿಯರು ಎದುರಾದರೆ ಕಿರಿಯರು ತಲೆಬಾಗಬೇಕು, ಅವರು ನೆತ್ತಿಯ ಮೇಲೆ ಕೈಯಿಟ್ಟು ಹರಸಬೇಕು. ಗುಂಡ್ಲುಪೇಟೆಯಿಂದ ಬೆಟ್ಟ ಹತ್ತಿ ಬಂದವರಿಗೆ ಇದೆಲ್ಲ ಎಲ್ಲಿ ಗೊತ್ತು? ಸಾಲಾಗಿ ಬಗ್ಗಿದ ತಲೆಗಳನ್ನು ಕಂಡು, ಒಂದೊಂದರ ಕೂದಲನ್ನೂ ಬಿಡಿಸಿ ನೋಡಿ, "ಹೇನಿಲ್ಲ, ಹೋಗು" ಎಂದು ಕಳಿಸಿದರು. ಕೆಳಗಿನ ಸೀಮೆಯ ಆಶೀರ್ವಾದ ಹೀಗೇ ಇರುತ್ತದೇನೋ ಅಂದುಕೊಂಡು ನಾವೂ ತೆಪ್ಪಗಿದ್ದೆವು!

ಆಮೇಲೆ ನಾನು ಹೋಗಿ, ನಾವು ತಲೆಬಾಗಿದ್ದು ಹರಸಲೆಂದು ಅಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ದಿನಾ ಬೆಳಿಗ್ಗೆ ಒಂದೇ ಮಾತು: "ನಂಗೇನೂ ಗೊತ್ತಿಲ್ಲ ಕಣ್ರೋ. ಇವತ್ತು ನಂಗೇನು ಕಲಿಸ್ತೀರಿ?" ಜೇನುಗೂಡು ಅಂದರೆ ಜೇನುಗೂಡಿನ ಹಿಂದೆ, ತೊರೆ ಅಂದರೆ ತೊರೆಯ ಹಿಂದೆ. ಒಮ್ಮೆ ಆಲೂಗೆಡ್ಡೆ ಅಂದೆವು. ಶಾಲೆಯ ಹಿಂದಿನ ಇಳಿಜಾರನ್ನು ಅಗೆದು, ಪಾತಿ ಅಳೆದು, ಗುಣಾಕಾರವನ್ನೆಲ್ಲ ಮಣ್ಣಿನಲ್ಲೇ ಮಾಡಿದೆವು.

ನನ್ನ ಅಜ್ಜಿಗೆ ಇದು ಸರಿಬರಲಿಲ್ಲ. ನಮ್ಮಲ್ಲಿ ಅಜ್ಜಿಗೆ ಹೆತ್ತೆ ಅನ್ನುತ್ತೇವೆ. "ಮಣ್ಣು ಕೆದಕೋಕೆ ಇಸ್ಕೂಲ್ ಯಾಕೆ? ನಮ್ಮ ಹೊಲದಾಗೆ ಮಣ್ಣಿಲ್ವಾ? ಇವತ್ತೇ ಅವಳನ್ನ ಬಸ್ ಹತ್ತಿಸ್ತೀನಿ!" ಎಂದು ಕೋಲೂರಿಕೊಂಡು ಹೊರಟಳು. ಹಟ್ಟಿಯವರೇ ನಡೆಸುತ್ತಿದ್ದ ಶಾಲೆ ಅದು. ಎಲ್ಲರಿಗೂ ಹಿರಿಯಳಾದ ಹೆತ್ತೆ ಬೇಡ ಅಂದರೆ ಹಟ್ಟಿಯೇ ಬೇಡ ಅಂದಂತೆ. ನಾನು ಅಳುತ್ತಾ ಹಿಂದೆ ಓಡಿದೆ.

ಟೀಚರು ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಂಡು ಬಂದವರೇ ಹೆತ್ತೆಯ ಮುಂದೆ ತಲೆಬಾಗಿ ನಿಂತರು. ಹೆತ್ತೆಯ ಬಾಯಲ್ಲಿ ಬೈಗುಳ ತಯಾರಾಗಿತ್ತು. ಆದರೆ ಕೈ ಕೇಳಬೇಕಲ್ಲ, ತನ್ನ ಪಾಡಿಗೆ ನೆತ್ತಿಯ ಮೇಲೆ ಹೋಗಿ ಕೂತಿತು. "ಒಂದು ಒಂಬತ್ತಾಗಲಿ, ಬದುಕಿ ಬಾಳು..." ಹರಸಿದ ಬಾಯಲ್ಲೇ ಊರು ಬಿಡು ಅನ್ನುವುದು ಹೇಗೆ?

"ಇದ ಯಾರು ಕಲಿಸಿದ್ದು ನಿನಗೆ?"

"ನಿಮ್ಮ ಮೊಮ್ಮಗಳೇ, ಹೆತ್ತೆ."

ಹೆತ್ತೆ ನನ್ನನ್ನು ದುರುಗುಟ್ಟಿ ನೋಡಿ, ಬಿತ್ತನೆಯ ಬುಟ್ಟಿಯತ್ತ ತಿರುಗಿದಳು. "ಅಯ್ಯೋ, ಕಣ್ಣೇ ಇಲ್ದಂಗೆ ಗೆಡ್ಡೆ ಕತ್ತರಿಸಿದ್ದೀಯಲ್ಲ! ಮೊಳಕೆ ನಿನ್ನ ತಲೆಯಿಂದ ಬರುತ್ತಾ? ಕೊಡಿತ್ತ ಕತ್ತಿ." ಸಂಜೆಯವರೆಗೂ ಅಲ್ಲೇ ಕೂತಳು. ಮರುದಿನ ಯಾರೂ ಕರೆಯದೆ ತಾನೇ ಬಂದಳು.

ನಾನೂ ಟೀಚರಾಗಿ, ತಲೆ ಅರ್ಧ ನರೆತ ಮೇಲೆ, ಗುಂಡ್ಲುಪೇಟೆಗೆ ಹೋಗಿ ಅವರನ್ನು ಕಂಡೆ. ಅದೇ ಕೊನೆಯ ಭೇಟಿ. ಕಣ್ಣು ಮಂಜಾಗಿತ್ತು, ಬಾಯಿ ಮಾತ್ರ ಹಳೆಯದೇ. "ಇವತ್ತು ನಂಗೇನು ಕಲಿಸ್ತೀಯೇ?" ಅಂದರು. ನಾನು ತಲೆಬಾಗಿದೆ. ಅವರ ಬೆರಳುಗಳು ನನ್ನ ಕೂದಲನ್ನು ಒಂದೊಂದೇ ಎಳೆಯಾಗಿ ಬಿಡಿಸಿದವು.

"ಹೇನಿಲ್ಲ," ಅಂದರು ನಗುತ್ತಾ, "ಹೋಗು."